ಪಾಯದೊಳಗಿನ ಏಳನೆಯ ನಾಟಕ

ಆಡಿದ ಮಾತನ್ನು ಹಿಂದೆಗೆಯದವಳು; ಪರರ ದೋಷವನ್ನು ನಾಲಗೆಯ ಮೇಲೆ ಹೊತ್ತು ತಿರುಗದವಳು; ರೋಗಿಯ ಬಳಿ ಕುಳಿತಾಗ ಗಡಿಯಾರದತ್ತ ನೋಡದವಳು; ಲೋಹದಲ್ಲಿ ಕೂದಲೆಳೆಯಷ್ಟು ಬಿರುಕನ್ನೂ ಕಾಣಬಲ್ಲ ಕಣ್ಣುಳ್ಳವಳು, ಮನುಷ್ಯರಲ್ಲಿ ಮಾತ್ರ ಅದನ್ನು ಹುಡುಕಲೊಲ್ಲದವಳು; ಏಕದೇವನಿಷ್ಠೆ, ಮಾತೃಸೇವಾನಿರತೆ, ಮಿತಭಾಷಿಣಿ; ಕನ್ನಡದಲ್ಲಿ ಆರು ನಾಟಕಗಳನ್ನು ಬರೆದು ಒಂದರ ಕೊನೆಗೂ ರಂಗವನ್ನೇರಿ ಕೈಮುಗಿಯದವಳು. ಇಂತಹ ಸ್ತ್ರೀಯೊಬ್ಬಳು ಟಿ. ದಾಸರಹಳ್ಳಿಯ ನೆಲ ಅಂತಸ್ತಿನ ಬಾಡಿಗೆ ಕೋಣೆಯೊಂದರಲ್ಲಿ ಮೂವತ್ತೊಂದು ವರ್ಷಗಳಿಂದ ಬಾಳುತ್ತಿದ್ದಾಳೆ. ಆಕೆಯ ಹೆಸರು ಎರೂಷಾ ನವಗಾಂವ್ಕರ್.

ಎರೂಷಾಳ ಪೂರ್ವಿಕರು ಕೊಂಕಣ ಕರಾವಳಿಯ ಯೆಹೂದ್ಯರು. ಎಣ್ಣೆಯ ಗಾಣ ಅವರ ಕಸುಬು. ಶನಿವಾರ ಎತ್ತಿನ ಕೊರಳಿಂದ ನೊಗವನ್ನಿಳಿಸಿ ಸುಮ್ಮನಿರುತ್ತಿದ್ದುದರಿಂದ ನೆರೆಯವರು ಅವರನ್ನು ಶನಿವಾರದ ತೇಲಿಗಳೆಂದು, ಎಂದರೆ ಶನಿವಾರದ ಗಾಣಿಗರೆಂದು, ಕರೆದರು. ತಂದೆ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದನು. ಮನೆಯಲ್ಲಿ ಮರಾಠಿ, ಪ್ರಾರ್ಥನೆಯಲ್ಲಿ ಹೀಬ್ರೂ, ಶಾಲೆಯಲ್ಲಿ ಕನ್ನಡ. ಮಗಳು ಬರೆಯಲು ಆರಿಸಿಕೊಂಡದ್ದು ಕನ್ನಡವನ್ನು. ತಂದೆ ತೀರಿದ ಮೇಲೆ ತಾಯಿ ಮಿಲ್ಕಾಬಾಯಿಯೊಡನೆ ಬಂದು ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದಳು. ಶನಿವಾರದ ಬಿಡುವಿಗಾಗಿ ಪ್ರತಿ ಭಾನುವಾರವೂ ದುಡಿದಳು.

"ಊರಿಗೆಲ್ಲಾ ಭಾನುವಾರ ರಜಾ, ಇವ್ರೊಬ್ರಿಗೆ ಶನಿ ಹಿಡ್ದವ್ನೆ ಕಣ್ರೀ!" ಎಂದು ಜೊತೆಗೆಲಸದ ಕೃಷ್ಣಮ್ಮ ಚುಚ್ಚುತ್ತಿದ್ದಳು.

"ಅಂವ ಹಿಡದಿಲ್ರೀ ಕೃಷ್ಣಮ್ಮ, ನಾನಽ ಅವನ್ನ ಹಿಡ್ಕೊಂಡೀನಿ" ಎಂದು ಎರೂಷಾ ನಗುತ್ತಿದ್ದಳು.

ತಪಾಸಣೆಯ ಚೀಟಿಗೆ ಬಳಸುವ ಪೆನ್ಸಿಲಿನಿಂದಲೇ ಆಕೆ ನಾಟಕಗಳನ್ನು ಬರೆದಳು. ಬಾಗಲಕೋಟೆಯ ಕಡೆಯಿಂದ ಬಂದ ಲೇತ್ ಕೆಲಸಗಾರ ಬಸಲಿಂಗನೂ ಅವನ ಗೆಳೆಯರೂ ಅವನ್ನು ನಕಲು ಮಾಡಿಕೊಂಡು ಖಾಲಿ ಶೆಡ್ಡೊಂದರಲ್ಲಿ ಆಡಿದರು. ಪತ್ರಿಕೆಗಳು ಬರೆಯಲಿಲ್ಲ. ನೋಡಿದವರು ಮರುದಿನ ಯಂತ್ರಗಳ ಮುಂದೆ ಅವುಗಳ ಮಾತುಗಳನ್ನು ಆಡಿಕೊಂಡರು. ಆಕೆಗೆ ದೊರೆತ ಬಿರುದು ಅಷ್ಟೇ.

ಏಳನೆಯದು ತಾಯಿಯ ನಾಟಕ. ಮಿಲ್ಕಾಬಾಯಿ ಕೊನೆಯ ನಾಲ್ಕು ವರ್ಷ ಮರೆವಿನಲ್ಲಿ ಮುಳುಗಿ, ಮಗಳನ್ನು ಅಕ್ಕನೆಂದು ತಿಳಿದು, ಸತ್ತವರೊಡನೆ ಜಗಳವಾಡುತ್ತ, ಯಾರೂ ಕೇಳರಿಯದ ಹಾಡುಗಳನ್ನು ಹಾಡುತ್ತ ಹಾಸಿಗೆಯಲ್ಲಿದ್ದಳು. ಎರೂಷಾ ಪಕ್ಕದಲ್ಲಿ ಕುಳಿತು ಆ ಮಾತುಗಳನ್ನು ಬರೆದುಕೊಂಡಳು. ತಾಯಿ ಹೋದ ಮೇಲೆ ಏಳು ವರ್ಷ ಅವನ್ನು ನಾಟಕವಾಗಿ ಕಟ್ಟಿದಳು. ಆ ಟಿಪ್ಪಣಿಗಳೊಡನೆ ತಗಡಿನ ಪೆಟ್ಟಿಗೆಯಲ್ಲಿ ಇದ್ದುದು ಒಂದೇ ಪ್ರತಿ. ಬೇರೆ ಯಾರೂ ಓದಿರಲಿಲ್ಲ. ಬಸಲಿಂಗನಿಗೆ ಕೊಡುವ ವಾರದಲ್ಲಿ ಆಕೆಗೆ ನ್ಯುಮೋನಿಯಾ ಬಂತು.

ಆಸ್ಪತ್ರೆಯಲ್ಲಿ ಹದಿನೆಂಟು ದಿನ ಕಳೆದವು. ಅಷ್ಟರಲ್ಲಿ ರಾಜಕಾಲುವೆ ಉಕ್ಕಿ ಕೋಣೆಗೆ ಮೊಣಕಾಲುದ್ದ ನೀರು ನುಗ್ಗಿತು. ಮನೆಯೊಡತಿ ನಾಗಲಕ್ಷ್ಮಮ್ಮ ತಗಡಿನ ಪೆಟ್ಟಿಗೆಯನ್ನು ತೆರೆದಾಗ ಕಂಡದ್ದು ಅಂಟಿಕೊಂಡು ಬೂಸು ಹಿಡಿದ ಕಾಗದ; ಮೇಲಿನ ಹಾಳೆಯ ತಲೆಯಲ್ಲಿ ದೇವರ ಹೆಸರು. ದೇವರ ಹೆಸರಿರುವ ಹಾಳೆ ಹಾಳಾದರೆ ಎರೂಷಾ ಅದನ್ನು ಗುಜರಿಗೆ ಹಾಕುವವಳಲ್ಲ, ಸುಡುವವಳೂ ಅಲ್ಲ. ಬಿಳಿಯ ಬಟ್ಟೆಯಲ್ಲಿ ಸುತ್ತಿ ತಮ್ಮವರ ಸ್ಮಶಾನದಲ್ಲಿ ಮಣ್ಣು ಮಾಡುತ್ತಿದ್ದಳು. ಅದು ಆ ಧರ್ಮದ ವಿಧಿ; ನಾಗಲಕ್ಷ್ಮಮ್ಮ ಎಷ್ಟೋ ಸಲ ನೋಡಿದ್ದಳು. ಆದುದರಿಂದ ಭಕ್ತಿಯಿಂದಲೇ ಹೊಸ ಪಂಚೆ ತರಿಸಿ, ಸುತ್ತಿ, ಅರಿಸಿನ ಕುಂಕುಮವಿಟ್ಟು, ಪಕ್ಕದ ನಿವೇಶನದಲ್ಲಿ ಮಗ ನರೇಶ ಕಟ್ಟಿಸುತ್ತಿದ್ದ ಮನೆಯ ಪಾಯದಲ್ಲಿ ಹೂಳಿಸಿದಳು. ದೇವರ ಹೆಸರು ತಳದಲ್ಲಿದ್ದರೆ ಮನೆಗೆ ಶ್ರೇಯಸ್ಸೆಂದು ಆಕೆ ನಂಬಿದ್ದಳು.

ಎರೂಷಾ ಮರಳಿದ್ದು ಶುಕ್ರವಾರ ಸಂಜೆ. ಅವಳು ಕೈಕಾಲು ತೊಳೆದು ಎರಡು ದೀಪ ಹಚ್ಚಿ ಕಣ್ಣು ಮುಚ್ಚಿ ಪ್ರಾರ್ಥಿಸುವವರೆಗೆ ನಾಗಲಕ್ಷ್ಮಮ್ಮ ಬಾಗಿಲಲ್ಲೇ ಕಾದಿದ್ದು, ಆಮೇಲೆ ಎಲ್ಲವನ್ನೂ ಹೇಳಿದಳು. ದೀಪ ಹಚ್ಚಿದೊಡನೆ ಸಬ್ಬತ್ ಆರಂಭ. ಮರುದಿನ ಸಂಜೆ ಮೂರು ನಕ್ಷತ್ರಗಳು ಮೂಡುವ ತನಕ ಎರೂಷಾ ಕೆಲಸ ಮಾಡುವಂತಿಲ್ಲ, ತನಗಾಗಿ ಮಾಡಿಸುವಂತೆಯೂ ಇಲ್ಲ.

"ಪೆನ್ಸಿಲ್‌ನಾಗ ಬರದಿದ್ದೆನ್ರಿ" ಎಂದಳು ಎರೂಷಾ. "ನೀರಿಗೆ ಅಳಸೂದಿಲ್ಲ."

ನಾಗಲಕ್ಷ್ಮಮ್ಮನ ಮುಖ ಕಪ್ಪಿಟ್ಟಿತು. "ಅಯ್ಯೋ, ಇಂಗಾಗೋಯ್ತಲ್ಲ ತಾಯಿ! ಲೇ ನರೇಶ, ಬಾರೋ ಇಲ್ಲಿ!"

ನರೇಶ ಬಂದು ಕೇಳಿ, "ಇನ್ನೂ ಬರೀ ಕಂಬಿ ಕಟ್ಟಿರೋದು ಆಂಟಿ. ನಾಲ್ಕ್ ಕಂಬಿ ಕಟ್ ಮಾಡಿದ್ರೆ ಒಂದ್ ಗಂಟೆ ಕೆಲ್ಸ. ಈಗ್ಲೇ ತೆಗಿಸ್ಬಿಡ್ತೀನಿ" ಎಂದನು.

"ಬ್ಯಾಡಪ್ಪ. ನಾಳೆ ಸಂಜಿ ತನಕ ತಡದ್ರ?"

"ಬೆಳಗ್ಗೆ ಆರಕ್ಕೆ ಕಾಂಕ್ರೀಟ್ ಲಾರಿ. ಗುಂಡಿ ಬಾಯ್ಬಿಟ್ಕೊಂಡಿದ್ರೆ ಪಕ್ಕದ ವೆಂಕಟಪ್ಪನ ಗೋಡೆ ಕೂತ್ಬಿಡುತ್ತೆ, ಆಗ್ಲೇ ಸೀಳಿದೆ. ಒಳಗೆ ಮಕ್ಳು ಮಲಗ್ತವೆ ಆಂಟಿ. ನೀವು ಹೇಳ್ಲೇ ಇಲ್ಲ ಅಂದ್ಕೊಳಿ, ನಾನೇ ಮಾಡ್ತೀನಿ. ದೇವ್ರು ನನ್ನ ಕೇಳ್ಲಿ."

"ನಿನ್ನ ಕೇಳೂದಿಲ್ಲೋ. ಯಾರ ಸಲುವಾಗಿ ಅಗದಾ ಅಂತ ನನ್ನ ಕೇಳ್ತಾನ. ಗೊತ್ತಿದ್ದೂ ನಾ ಸುಮ್ನಿದ್ರ, ಅಗದಾಕಿ ನಾನಽ ಆದೆ."

"ನಿಮ್ಮಮ್ಮನ್ ಮಾತಲ್ವೇನ್ರವ್ವ ಅದ್ರಲ್ಲಿರೋದು?" ಎಂದು ನಾಗಲಕ್ಷ್ಮಮ್ಮ ಅತ್ತಳು.

"ಹೌದ್ರಿ. ಈ ದಿನಾ ಹಿಡೀಲಿಕ್ಕೆ ಕಲಿಸಿದಾಕಿನೂ ಆಕೀನಽ."

ಬೆಳಗ್ಗೆ ಲಾರಿ ಬಂತು. ಎರೂಷಾ ಪ್ರಾರ್ಥನೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಪುಟ ತೆರೆದು ಕುಳಿತಳು. ಗೋಡೆಯಾಚೆ ಪಂಪಿನ ಗದ್ದಲ, ಮೇಸ್ತ್ರಿಯ ಕೂಗು. ಹತ್ತು ಗಂಟೆಯ ಹೊತ್ತಿಗೆ ಎಲ್ಲ ಮುಗಿದು, ಯಾರೋ ಸಲಿಕೆ ತೊಳೆಯುವ ಸದ್ದಷ್ಟೇ ಉಳಿಯಿತು.

ಆ ಸಂಜೆ ನಕ್ಷತ್ರಗಳು ಮೂಡಿದ ಮೇಲೆ, ನಾಟಕವನ್ನು ನೆನಪಿನಿಂದ ಮತ್ತೆ ಬರೆಯಲು ಹೊಸ ಪುಸ್ತಕ ತೆರೆದಳು. ವರ್ಷ ಕಳೆಯುವಷ್ಟರಲ್ಲಿ ಕೈಗೆ ಬಂದದ್ದು ಮೊದಲನೆಯ ದೃಶ್ಯ ಮಾತ್ರ. ತನ್ನ ಮಾತುಗಳು ಮರಳಿದವು, ತಾಯಿಯವು ಬರಲಿಲ್ಲ.

"ನೆನಪಾಗ್ಲಿಲ್ಲಂದ್ರ ಕಟ್ಟಿ ಬರೀರಿ ಎಕ್ಕಾ. ಯಾರಿಗಿ ಗೊತ್ತಾಕ್ಕೈತಿ?" ಎಂದನು ಬಸಲಿಂಗ.

"ನನಗ."

ಗೆಳೆಯರು ಆ ಒಂದೇ ದೃಶ್ಯವನ್ನು ಒಂದು ಭಾನುವಾರ ಆಡಿದರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮುಂದೇನೆಂದು ಜನ ಸ್ವಲ್ಪ ಹೊತ್ತು ಕಾದು ಎದ್ದುಹೋದರು. ಅಂದಿನಿಂದ ಆಕೆ ಬರೆದಿಲ್ಲ. ಪಾಯದ ಮೇಲೆ ಈಗ ನಾಲ್ಕು ಅಂತಸ್ತು ನಿಂತಿದೆ. ನಾಗಲಕ್ಷ್ಮಮ್ಮ ಆ ಮನೆಯ ಗೃಹಪ್ರವೇಶಕ್ಕೆ ಎರೂಷಾಳನ್ನು ಕರೆಯಲಾರದೆ ಹೋದಳು. ಎರೂಷಾ ತಾನಾಗಿಯೇ ಹೋಗಿ, ಉಂಡು, ಬಂದಳು.

ಯಾವ ಹೆಸರಿನಿಂದ ಕರೆದರೂ ಓಗೊಡುವ ಕರುಣಾಳು ಈ ಸಾಧ್ವಿಯ ಉಸಿರಿಗೆ ಬಲವನ್ನೂ ಮುಪ್ಪಿಗೆ ಆಸರೆಯನ್ನೂ ನೀಡಲಿ. ಮಿಲ್ಕಾಬಾಯಿಗೆ ನಿದ್ರೆ ಹಗುರವಾಗಿರಲಿ. ನಾಗಲಕ್ಷ್ಮಮ್ಮನ ಎದೆಯ ಭಾರ ಇಳಿಯಲಿ, ಅವಳ ಮಕ್ಕಳ ಮನೆ ಸ್ಥಿರವಾಗಿ ನಿಲ್ಲಲಿ. ಅಲ್ಲಿ ಮಲಗುವವರೆಲ್ಲರಿಗೂ ಅನ್ನ ತೀರದಿರಲಿ. ಅವರ ತಾಯಂದಿರ ಮಾತು ಅವರ ಕಿವಿಯಲ್ಲಿ ಬಹುಕಾಲ ಉಳಿಯಲಿ.