ಗೆದ್ದು ಕೂತವನು

ನಾನು ಬೇರೆ ದೇಶದವರ ಜೊತೆ ಒಮ್ಮೆ ಓಡಿದ್ದೇನೆ, ಗೆದ್ದಿದ್ದೇನೆ, ಗೆದ್ದಮೇಲೆ ಅದೇ ಓಟದ ಗೆರೆಗಳ ನಡುವೆ ಚಕ್ಕಳಬಕ್ಕಳ ಹಾಕಿಕೊಂಡು ಕೂತಿದ್ದೇನೆ. ಓಡಿದ್ದನ್ನೂ ಗೆದ್ದದ್ದನ್ನೂ ನಮ್ಮ ಕಡೆಯ ಜನ ಯಾವಾಗಲೋ ಮರೆತರು. ಕೂತದ್ದನ್ನು ಮಾತ್ರ ಮರೆಯಲೊಲ್ಲರು. ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಮೆಲ್ಲಗೆ ಕೇಳುತ್ತಾರೆ, ಮೀಸೆಯಡಿ ನಗುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಎಷ್ಟೋ ಜನರಿಗೆ ಬೈದಿದ್ದೇನೆ. ಈಗ ಬೈಯಲೂ ದಮ್ಮಿಲ್ಲ. ಬರೆದೇ ಬಿಡುತ್ತೇನೆ.

ನಮ್ಮದು ಮೂಡಲಗಿಯ ಒಕ್ಕಲುತನದ ಮನೆ, ಲಿಂಗವಂತರು. ಕೂಸಾಗಿದ್ದಾಗ ಕಟ್ಟಿದ ಲಿಂಗ ಮುದುಕನಾಗಿ ಮಣ್ಣಿಗೆ ಹೋಗುವ ತನಕ ಮೈಮೇಲೇ ಇರಬೇಕು. ನಿಂಬೆಹಣ್ಣಿನಷ್ಟು ಗಾತ್ರದ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ, ಕೊರಳಿಗೆ ಶಿವದಾರ. ಪೂಜೆಯಾಗದೆ ಬಾಯಿಗೆ ತುತ್ತು ಹೋಗುವಂತಿಲ್ಲ. ಲಿಂಗ ಕಳೆದರಂತೂ ಗುರುಗಳು ಮತ್ತೆ ಕಟ್ಟುವವರೆಗೆ ಅನ್ನವಿಲ್ಲ, ನೀರಿಲ್ಲ. ಹಿಂದಿನವರು ಪ್ರಾಣವನ್ನೇ ಬಿಡುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ಹಾಗೆ ಬಿಟ್ಟವರು ಯಾರೆಂದು ಕೇಳಿದರೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಗೋಕಾಕದ ಶಾಲೆಗೆ ಸೇರಿದ ಮೇಲೆ ನನ್ನ ಕಾಲಿನಲ್ಲಿ ಏನೋ ಇದೆ ಎಂದು ಎಲ್ಲರಿಗೂ ತಿಳಿಯಿತು. ಘಟಪ್ರಭೆಯ ಕಾಲುವೆ ದಂಡೆಯ ಮೇಲೆ ಬರಿಗಾಲಲ್ಲಿ ಓಡುತ್ತಿದ್ದೆ. ತೊಂದರೆ ಕೊಡುತ್ತಿದ್ದುದು ಕರಡಿಗೆ ಒಂದೇ. ಹೆಜ್ಜೆ ಹೆಜ್ಜೆಗೂ ಎದೆಯ ಎಲುಬಿಗೆ ಬಡಿಯುತ್ತಿತ್ತು, ಓಟ ಮುಗಿಯುವಷ್ಟರಲ್ಲಿ ಆ ಜಾಗ ಕೆಂಪಾಗುತ್ತಿತ್ತು. ಅವ್ವ ಹಳೆಯ ಇಳಕಲ್ ಸೀರೆಯ ಅಂಚು ಹರಿದು ಒಂದು ಪಟ್ಟಿ ಹೊಲಿದುಕೊಟ್ಟಳು. ಅದನ್ನು ಎದೆಗೆ ಸುತ್ತಿ ಬಿಗಿದರೆ ಕರಡಿಗೆ ಅಲುಗುತ್ತಿರಲಿಲ್ಲ. ಉಸಿರೂ ಅಷ್ಟಕ್ಕಷ್ಟೇ ಆಡುತ್ತಿತ್ತು, ಆದರೆ ಅದನ್ನು ಅವ್ವನಿಗೆ ಹೇಳುವ ಧೈರ್ಯ ಯಾರಿಗಿತ್ತು?

ಬೆಳಗಾವಿಯಲ್ಲಿ ಗೆದ್ದೆ, ಪುಣೆಯಲ್ಲಿ ಗೆದ್ದೆ. ಕೊನೆಗೆ ಉತ್ತರದ ದೊಡ್ಡ ಊರೊಂದರಲ್ಲಿ ಹಲವು ದೇಶಗಳವರು ಸೇರುವ ಕೂಟಕ್ಕೆ ನೂರು ಮೀಟರಿನ ಓಟಗಾರನಾಗಿ ನನ್ನನ್ನು ಆರಿಸಿದರು. ಅದು ಎರಡನೇ ಮಹಾಯುದ್ಧಕ್ಕಿಂತ ಮುಂಚಿನ ಮಾತು. ಮೂಡಲಗಿಯಿಂದ ಹೊರಡುವ ದಿನ ಅವ್ವ ಬುತ್ತಿ ಕಟ್ಟಿದಳು, ಹಣೆಗೆ ವಿಭೂತಿ ಹಚ್ಚಿದಳು.

"ಓಡ್, ಬ್ಯಾಡನ್ನೂದಿಲ್ಲ. ಗೆದ್ರ ಗೆಲ್ಲು, ಬಿಟ್ರ ಬಿಡು. ಕೊರಳಾಗಿಂದು ಮಾತ್ರ ಕೊರಳಾಗ ಇರ್ಬೇಕ ನೋಡ್," ಎಂದಳು.

ಅಲ್ಲಿ ನಮ್ಮನ್ನು ನೋಡಿಕೊಳ್ಳಲು ಪುಣೆಯ ಮ್ಯಾನೇಜರ್ ಒಬ್ಬರಿದ್ದರು. ಒಳ್ಳೆಯ ಮನುಷ್ಯ, ಆದರೆ ಗಡಿಬಿಡಿಯ ಪ್ರಾಣಿ. ನನ್ನ ಎದೆಯ ಪಟ್ಟಿ ನೋಡಿದ ದಿನದಿಂದ ಮರಾಠಿಯಲ್ಲಿ ಒಂದೇ ಜಪ: ಅದನ್ನು ನನ್ನ ಕೈಗೆ ಕೊಡು, ಜೋಪಾನ ಮಾಡುತ್ತೇನೆ, ನೀನು ಹಗುರಾಗಿ ಓಡು. ನಾನು ಒಲ್ಲೆ ಎಂದೆ. ಮರುದಿನವೂ ಕೇಳಿದರು, ಮರುದಿನವೂ ಒಲ್ಲೆ ಎಂದೆ.

ಆಗ ಓಟಗಾರರಿಗೆ ಕಾಲು ಊರಲು ಕಟ್ಟಿಗೆಯ ಮಣೆ ಕೊಡುತ್ತಿರಲಿಲ್ಲ. ಗೆರೆಯ ಹಿಂದೆ ನಮ್ಮ ಕಾಲಿಗೆ ತಕ್ಕಂತೆ ಎರಡು ತಗ್ಗು ನಾವೇ ತೋಡಿಕೊಳ್ಳಬೇಕು. ಬೇರೆಯವರ ಹತ್ತಿರ ಮಣ್ಣು ತೋಡಲೆಂದೇ ಹೊಳೆಯುವ ಪುಟ್ಟ ಕರಣಿಗಳಿದ್ದವು. ನಾನು ಮನೆಯಿಂದ ಕಳೆ ತೆಗೆಯುವ ಕುರಪಿ ಒಯ್ದಿದ್ದೆ. ಮೊದಲ ಸುತ್ತಿನ ದಿನ ಕುಕ್ಕರಗಾಲಲ್ಲಿ ಕೂತು ಶೇಂಗಾ ಹೊಲದಲ್ಲಿ ಕೆದರಿದ ಹಾಗೆ ಕೆದರತೊಡಗಿದಾಗ ಜನ ನಕ್ಕರು. ನಗಲಿ, ನನ್ನ ತಗ್ಗು ಎಲ್ಲರಿಗಿಂತ ಮೊದಲು ಮುಗಿಯಿತು.

ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದರು. ಎದೆಯ ಮೇಲೆ ನಂಬರಿನ ಬಟ್ಟೆ ಇರಬೇಕಂತೆ, ನನ್ನದು ಇರಲಿಲ್ಲ. ಪಿನ್ನು ಪಟ್ಟಿಗೆ ಸಿಕ್ಕಿಕೊಳ್ಳುತ್ತದೆಂದು ಬನಿಯನ್ನಿನೊಳಗೆ ಕೈಹಾಕಿ ಅವ್ವನ ಪಟ್ಟಿಯನ್ನು ಸರಸರ ಬಿಚ್ಚಿ ತಮ್ಮ ಹೆಗಲಿಗೆ ಹಾಕಿಕೊಂಡು ನಂಬರಿಗೆ ಪಿನ್ನು ಚುಚ್ಚಿದರು. ಮತ್ತೆ ಸುತ್ತಿಕೊಳ್ಳುತ್ತೇನೆ ಎನ್ನುವಷ್ಟರಲ್ಲಿ ನಮ್ಮನ್ನು ಗೆರೆಗೆ ಕರೆದರು. ಬಗ್ಗಿದೆ, ಕೈ ಊರಿದೆ, ತಲೆ ತಗ್ಗಿಸಿದೆ. ಪಿಸ್ತೂಲು ಢಂ ಎಂದಿತು.

ಅಂಥ ಓಟ ನಾನು ಅದಕ್ಕಿಂತ ಮೊದಲು ಓಡಿರಲಿಲ್ಲ, ಆಮೇಲೂ ಓಡಲಿಲ್ಲ. ಎದೆ ಹೂವಿನಂತೆ ಹಗುರಾಗಿತ್ತು, ಉಸಿರು ಹೊಟ್ಟೆಯ ತಳದ ತನಕ ಇಳಿಯುತ್ತಿತ್ತು. ಶಿವನೇ ಹೊತ್ತುಕೊಂಡು ಓಡುತ್ತಿದ್ದಾನೆ ಎಂದುಕೊಂಡೆ. ಕೊನೆಯ ಗೆರೆಗೆ ಕಟ್ಟಿದ್ದ ದಾರ ನನ್ನ ಎದೆಗೇ ಹರಿಯಿತು. ಬಲಗಡೆಯವನು ಎರಡು ಮಾರು ಹಿಂದಿದ್ದ. ನಗುತ್ತಲೇ ನಿಂತೆ, ರೂಢಿಯಂತೆ ಕರಡಿಗೆಯನ್ನು ಹಿಡಿದು ಕಣ್ಣಿಗೊತ್ತಿಕೊಳ್ಳಲು ಕೈ ಎದೆಗೆ ಹೋಯಿತು. ಎದೆಯ ಮೇಲೆ ನಂಬರಿನ ಬಟ್ಟೆಯಷ್ಟೇ ಇತ್ತು.

ಬನಿಯನ್ನು ಜಾಡಿಸಿದೆ, ಚಡ್ಡಿ ಜಾಡಿಸಿದೆ. ಇಲ್ಲ. ಬಂದ ದಾರಿಯಲ್ಲೇ ನೆಲ ನೋಡುತ್ತ ತಿರುಗಿ ಓಡಿದೆ. ಅತ್ತ ಎರಡನೇ ಗುಂಪಿನವರು ಗೆರೆಯ ಹತ್ತಿರ ಬಂದು ತಮ್ಮ ತಗ್ಗುಗಳನ್ನು ಸರಿಮಾಡಿಕೊಳ್ಳುತ್ತಿದ್ದರು. ಅವರ ಬೂಟಿನಡಿಯಲ್ಲಿ ಚೂಪಾದ ಮೊಳೆಗಳಿದ್ದವು. ಅವರೆಲ್ಲ ಈ ಹಾದಿಯ ಮೇಲೆ ಓಡುತ್ತಾರೆ. ನನ್ನ ಲಿಂಗ ಇದೇ ಹಾದಿಯ ಮೇಲೆ ಎಲ್ಲೋ ಬಿದ್ದಿದೆ.

ಅಧಿಕಾರಿಯೊಬ್ಬರು ಕೈಬೀಸಿ ಇಂಗ್ಲಿಷಿನಲ್ಲಿ ಕೂಗಿದರು. ಮ್ಯಾನೇಜರ್ ರಟ್ಟೆ ಹಿಡಿದು ಎಳೆದರು. ಲಿಂಗ ಬಿದ್ದಿದೆ ಎಂದೆ. ಎಲ್ಲ ಓಟ ಮುಗಿದ ಮೇಲೆ ಹುಡುಕೋಣ ಎಂದರು. ತುಳಿದ ಮೇಲೆ ಹುಡುಕಿ ಏನು ಮಾಡಲಿ? ಹಾದಿ ಬಿಡದಿದ್ದರೆ ಮುಂದಿನ ಸುತ್ತಿನಿಂದ ತೆಗೆದುಹಾಕುತ್ತಾರೆ, ಗೆದ್ದದ್ದೆಲ್ಲ ನೀರಿಗೆ ಹೋಗುತ್ತದೆ ಎಂದು ಅಂಗಲಾಚಿದರು. ನನಗೆ ವಾದ ಬರುವುದಿಲ್ಲ, ಹಟ ಬರುತ್ತದೆ. ಅಲ್ಲೇ ಕೂತುಬಿಟ್ಟೆ.

ಜನ ಸೀಟಿ ಹೊಡೆದರು. ಯಾರೋ ಏಳು ಎಂದರು, ಏಳಲಿಲ್ಲ. ಮತ್ತಿಬ್ಬರು ಬಂದು ಎತ್ತಲು ನೋಡಿದರು, ಏಳಲಿಲ್ಲ. ನಾಚಿಕೆಯಿಂದ ಕಿವಿ ಸುಡುತ್ತಿದ್ದವು, ಆದರೆ ಎದ್ದರೆ ಮುಗಿಯಿತು ಎಂಬುದೊಂದೇ ತಲೆಯಲ್ಲಿತ್ತು.

ಆಗ ಗೆರೆಯ ಹತ್ತಿರ ನಾನು ತೋಡಿದ್ದ ತಗ್ಗನ್ನು ತನ್ನ ಕಾಲಿಗೆ ಹೊಂದಿಸಿಕೊಳ್ಳುತ್ತಿದ್ದ ಓಟಗಾರ ಎದ್ದು ನಿಂತ. ಯಾವುದೋ ದೂರದ ದೇಶದವನು, ಕೆಂಪು ಮುಖದ ಎಳೆಯ ಹುಡುಗ. ಅವನ ಕರಣಿಯ ತುದಿಯಲ್ಲಿ ಒಂದು ದಾರ ಜೋತಾಡುತ್ತಿತ್ತು. ದಾರದ ತುದಿಗೆ ಮಣ್ಣು ಮೆತ್ತಿದ ನನ್ನ ಕರಡಿಗೆ! ನಾನು ತಲೆ ತಗ್ಗಿಸಿದಾಗಲೇ ಗಂಟು ಸಡಿಲಾಗಿ ಅದು ಬನಿಯನ್ನಿನ ಕೊರಳಿನಿಂದ ಜಾರಿರಬೇಕು. ಇಡೀ ಓಟ ನಾನು ಬರಿಗೊರಳಲ್ಲಿ ಓಡಿದ್ದೆ.

ಆ ಹುಡುಗ ಅದನ್ನು ಚಡ್ಡಿಗೆ ಒರೆಸಿಕೊಂಡ, ತಿರುಗಿಸಿ ನೋಡಿದ, ಕಿವಿಗೆ ಹಿಡಿದು ಕಣ್ಣು ಮುಚ್ಚಿ ಆಲಿಸಿದ. ಗಡಿಯಾರ ಎಂದುಕೊಂಡಿದ್ದ. ನಿಂತುಹೋಗಿದೆ ಎಂಬಂತೆ ನನ್ನ ಕಡೆ ನೋಡಿ ತಲೆಯಲ್ಲಾಡಿಸಿದ, ಮುಖ ಸಣ್ಣದು ಮಾಡಿಕೊಂಡು ತಂದು ನನ್ನ ಅಂಗೈಯಲ್ಲಿಟ್ಟ. ಹೋದ ಜೀವ ಬಂದಂತಾಯಿತು. ನಾನು ಅತ್ತೆ, ನಕ್ಕೆ, ಅವನನ್ನು ತಬ್ಬಿಕೊಂಡೆ. ಕೆಟ್ಟ ಗಡಿಯಾರಕ್ಕೆ ಇಷ್ಟು ಸಂತೋಷಪಡುವವನನ್ನು ಅವನು ಹಿಂದೆ ಕಂಡಿರಲಾರ.

ಮ್ಯಾನೇಜರ್ ಹೇಳಿದ ಹಾಗೆಯೇ ಅಧಿಕಾರಿಗಳು ನನ್ನನ್ನು ಮುಂದಿನ ಸುತ್ತಿನಿಂದ ತೆಗೆದುಹಾಕಿದರು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಎಳ್ಳಷ್ಟೂ ದುಃಖವಾಗಲಿಲ್ಲ. ದುಃಖ ಶುರುವಾದದ್ದು ಮರಳುವ ರೈಲಿನಲ್ಲಿ. ಲಿಂಗವೇನೋ ಕೊರಳಲ್ಲಿತ್ತು. ಆದರೆ ನೆಲಕ್ಕೆ ಬಿದ್ದದ್ದು, ಪರರ ಕೈಗೆ ಹೋದದ್ದು. ಇದನ್ನು ಪೂಜಿಸಬಹುದೇ? ಪೂಜಿಸದೆ ಉಣ್ಣಬಹುದೇ? ಹೇಳುವವರಿಲ್ಲ. ಉಣ್ಣದೆಯೇ ಕೂತೆ. ಮ್ಯಾನೇಜರ್ ಪುಣೆಯಲ್ಲಿ ಇಳಿಯುವ ತನಕ ಬಾಳೆಹಣ್ಣು ಹಿಡಿದು ಬೇಡಿಕೊಂಡರು, ಆಮೇಲೆ ಸಿಟ್ಟಿನಿಂದ ತಾವೇ ತಿಂದರು. ಬಾಯಿ ತೀರ ಒಣಗಿದಾಗ ನೀರು ಮುಕ್ಕಳಿಸಿ ಉಗುಳುತ್ತಿದ್ದೆ. ಹೊಟ್ಟೆ ತಾಳ ಹಾಕುತ್ತಿತ್ತು, ಕಣ್ಣ ಮುಂದೆ ಅವ್ವ ಬಂದು ನಿಲ್ಲುತ್ತಿದ್ದಳು. ಕೊರಳಾಗಿಂದು ಕೊರಳಾಗ ಇರಲಿಲ್ಲ ಎಂದು ಅವಳಿಗೆ ಯಾವ ಬಾಯಿಂದ ಹೇಳಲಿ?

ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದವನು ಮೂಡಲಗಿಯ ದಾರಿ ಹಿಡಿಯಲಿಲ್ಲ. ಹುಕ್ಕೇರಿಯ ಕಡೆ ಹೊರಟಿದ್ದ ಬೆಲ್ಲದ ಗಾಡಿಯೊಂದನ್ನು ಹತ್ತಿದೆ. ನಮ್ಮ ಮನೆತನದ ಗುರುಗಳು ಆ ಕಡೆಯ ಒಂದು ಸಣ್ಣ ಮಠದಲ್ಲಿದ್ದರು, ನಾವು ಅಜ್ಜಾರು ಎನ್ನುತ್ತಿದ್ದೆವು. ಮೊದಲು ಅವರ ಕಾಲು ಹಿಡಿಯುವುದು, ತಪ್ಪೋ ಒಪ್ಪೋ ಕೇಳುವುದು, ಆಮೇಲೆ ಅವ್ವನ ಮುಂದೆ ನಿಲ್ಲುವುದು. ಹಸಿದವನನ್ನು ಬೆಲ್ಲದ ಪೆಂಟೆಗಳ ಮೇಲೆ ಕೂರಿಸಿಕೊಂಡು ಹೋದ ಆ ಗಾಡಿಯವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮಠದ ಅಂಗಳಕ್ಕೆ ಕಾಲಿಟ್ಟೆ. ಬೇವಿನ ಗಿಡದ ಕೆಳಗೆ ಎರಡು ಎತ್ತು ಮೇಯುತ್ತಿದ್ದವು. ನಮ್ಮ ಮನೆಯ ಎತ್ತುಗಳು. ಗಾಡಿಯ ಮೂಕಿಗೆ ಒರಗಿ ಅಪ್ಪ ತಲೆಗೆ ಕೈಹೊತ್ತು ಕೂತಿದ್ದ. ಸುದ್ದಿ ನನಗಿಂತ ಮೊದಲೇ ಬಂದಿದೆ, ಅವ್ವ ನನ್ನ ಮೇಲೆ ಫಿರ್ಯಾದು ಹೇಳಲು ಬಂದಿದ್ದಾಳೆ! ತಿರುಗಿ ಓಡಿಬಿಡಲೇ ಎಂದುಕೊಂಡೆ. ಆದರೆ ಓಡುವ ಕಸುವು ಎಲ್ಲಿತ್ತು?

ಅಪ್ಪ ನನ್ನನ್ನು ನೋಡಿ ಧಡಕ್ಕನೆ ಎದ್ದು ನಿಂತ. ಒಳಗಿನಿಂದ ಅವ್ವ ಬಂದಳು. ಸೆರಗು ಜಾರಿದ್ದು ಅವಳಿಗೆ ಗೊತ್ತಿರಲಿಲ್ಲ. ನೇರ ಬಂದವಳೇ ನನ್ನ ಕಾಲ ಬಳಿ ಕುಸಿದು ಕೂತಳು. ತೊಡೆಯಿಂದ ಹಿಮ್ಮಡಿಯ ತನಕ ಎರಡೂ ಕಾಲನ್ನು ಒತ್ತಿ ಒತ್ತಿ ನೋಡಿದಳು.

"ನೋಯ್ತೈತೇನೋ? ಇಲ್ಲಿ? ಇಲ್ಲೇನೋ?"

"ಏನೂ ಆಗಿಲ್ಲಬೇ. ಕಾಲ ನೆಟ್ಟಗ ಅದಾವು."

"ಸುಳ್ಳ ಹೇಳ್ಬ್ಯಾಡ. ಪೇಪರಿನ್ಯಾಗ ಬಂದೈತಿ. ಮೂಡಲಗಿ ಮಾಸ್ತರು ಓದಿ ಹೇಳ್ಯಾರ. ಓಡಿದ ಮ್ಯಾಲೆ ನೆಲಕ್ಕ ಕೂತಾಂವ ಎಬ್ಬಿಸಿದ್ರೂ ಏಳಲಿಲ್ಲಂತ."

ಮಾಸ್ತರು ಓದಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಾಲು ಬಿದ್ದುಹೋಗಿದೆ, ಇನ್ನು ಮಗ ಏಳುವುದಿಲ್ಲ ಎಂದು ಅವ್ವ ತಿಳಿದಿದ್ದಳು. ಏನು ಮಾಡುವುದೆಂದು ತೋಚದೆ ಅಜ್ಜಾರ ಹತ್ತಿರ ಓಡಿಬಂದಿದ್ದಳು.

ಅಜ್ಜಾರು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಅವ್ವನ ಮುಖ ನೋಡದೆ, ಎಲ್ಲವನ್ನೂ ಅವರಿಗೆ ಹೇಳಿದೆ. ಪಟ್ಟಿ ಬಿಚ್ಚಿದ್ದು, ಗೆದ್ದದ್ದು, ಕೊರಳು ಬರಿದಾದದ್ದು, ಕೂತದ್ದು. ಗಡಿಯಾರವೆಂದು ಕಿವಿಗೆ ಹಿಡಿದದ್ದನ್ನು ಹೇಳಿದಾಗ ಅವರ ಬಿಳಿಯ ಗಡ್ಡ ಅಲುಗಿತು.

"ಹೌದು, ಕೂಡಬೇಕಂತ ಯಾರ ಹೇಳಿದ್ರು ನಿನಗ?" ಎಂದು ಕೇಳಿದರು.

"ಯಾರೂ ಹೇಳಲಿಲ್ರಿ."

"ಏಳಂತ ಎಷ್ಟ ಮಂದಿ ಹೇಳಿದ್ರು?"

"ಎಲ್ಲಾರೂ ಹೇಳಿದ್ರಿ."

"ಹಂಗಾರ ನನ್ನ ಏನ ಕೇಳಾಕ ಬಂದಿ? ಎಲ್ಲಾ ತಿಳಿದಾಂವ ಅದೀ. ಮೈತೊಳಕೊಂಡ ಬಾ, ಪೂಜಿ ಮಾಡಸ್ತೇನಿ."

ಭುಜದ ಮೇಲಿಂದ ಮಣಭಾರದ ಚೀಲ ಇಳಿಸಿದಂತಾಯಿತು. ಬಾವಿಯ ಹತ್ತಿರ ಕೊಡಗಟ್ಟಲೆ ನೀರು ಸುರಿದುಕೊಂಡೆ. ಅಜ್ಜಾರು ಲಿಂಗವನ್ನು ತೊಳೆದು, ವಿಭೂತಿ ಧರಿಸಿ, ಹೊಸ ಶಿವದಾರದಲ್ಲಿ ತಾವೇ ನನ್ನ ಕೊರಳಿಗೆ ಕಟ್ಟಿದರು. ಗಂಟು ಬಿಗಿದಿದೆಯೋ ಎಂದು ಅವ್ವ ಒಮ್ಮೆ ಜಗ್ಗಿ ನೋಡಿದಳು. ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದೆ. ಬರಲಿಲ್ಲ.

"ಹುಡುಗಗ ನೀಡ್ರಿ, ಹಸದಾನ," ಎಂದರು ಅಜ್ಜಾರು.

ಅಪ್ಪ ಆಗ ಬಾಯಿ ಬಿಟ್ಟ. "ಈಕಿಗೂ ನೀಡ್ರಿ ಅಜ್ಜಾರ. ಪೇಪರ್ ಓದಿದಾಗಿಂದ ಈಕೀನೂ ಏನೂ ಮುಟ್ಟಿಲ್ರಿ."

ಲಿಂಗಕ್ಕಾಗಿ ನಾನು ಉಪವಾಸ ಬಿದ್ದಿದ್ದಾಗ ನನ್ನ ಕಾಲಿಗಾಗಿ ಅವಳು ಉಪವಾಸ ಬಿದ್ದಿದ್ದಳು. ನನಗೆ ಅಳು ಬಂತು, ತಡೆಯಲಿಲ್ಲ. ಮಠದ ಪಡಸಾಲೆಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತೆವು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಹಸಿಖಾರ. ಮೊದಲ ತುತ್ತು ಗಂಟಲಲ್ಲಿ ಇಳಿಯುವಾಗ ಅದೆಂಥ ಸುಖ! ಅವ್ವ ಬಲಗೈಯಲ್ಲಿ ಉಣ್ಣುತ್ತಿದ್ದಳು, ಎಡಗೈಯನ್ನು ನನ್ನ ಮೊಣಕಾಲಿನಿಂದ ತೆಗೆಯಲಿಲ್ಲ.

ಅರ್ಧ ಊಟದಲ್ಲಿ ಕೈ ತಡೆದು ಕೇಳಿದಳು. "ಆ ಕೆಂಪ ಮುಖದ ಹುಡುಗ ಏನಾದ? ಅಂವಗೂ ಅವ್ವ ಇರ್ತಾಳಲ್ಲೋ. ಓಡಿ ಮುಗಿಸಿದನೇನು? ಅವನ ಕಾಲ ನೆಟ್ಟಗ ಅದಾವಿಲ್ಲೋ?"

"ಅದಾವಬೇ," ಎಂದೆ.

ಆಗ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.