ಗಂಜಿ ಕುಡಿದ ಗಾಡಿ

ಆರು ಜನ ಹೆಂಗಸರಿಗೆ ಲಾಂಡ್ರಿ ಮಾಲೀಕ ಹನ್ನೊಂದು ತಿಂಗಳ ಕೂಲಿ ಕೊಡಬೇಕಿತ್ತು. ಅದರಲ್ಲಿ ಏಳು ತಿಂಗಳದ್ದು ಇವತ್ತಿಗೂ ಬಾಕಿ ಇದೆ. ಉಳಿದ ನಾಲ್ಕು ತಿಂಗಳ ಲೆಕ್ಕಕ್ಕೆ ಅವನು ಕೈತೊಳೆದುಕೊಂಡದ್ದು ಒಂದು ಹಳೆಯ ಪಿಕಪ್ ಗಾಡಿ ಕೊಟ್ಟು. ಗಾಡಿ ಓಡುತ್ತಿರಲಿಲ್ಲ. ಓಡದಂತೆ ಮಾಡಿದವರು ಅದೇ ಆರು ಹೆಂಗಸರು.

ಲಾಂಡ್ರಿ ಎಂದರೆ ಬೀದಿ ಬದಿಯ ಇಸ್ತ್ರಿ ಅಂಗಡಿ ಎಂದುಕೊಳ್ಳಬೇಡಿ. ಲಾಡ್ಜು, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಮೂಟೆಗಟ್ಟಲೆ ಬಂದು ಬೀಳುತ್ತಿದ್ದ ಶೆಡ್ಡು ಅದು. ಒಗೆಯುವವರು, ನೀಲಿ ಹಾಕುವವರು, ಗಂಜಿ ಹಾಕುವವರು, ಮಡಿಸುವವರು ಎಲ್ಲ ಬೇರೆ ಬೇರೆ. ಇಸ್ತ್ರಿ ಮೇಜಿನ ಹಿಂದೆ ನಿಂತು ಹರೆಯ ಕಳೆದವಳು ಕೆಂಡಕ್ಕ. ಹೆತ್ತವರು ಇಟ್ಟ ಹೆಸರು ಬೇರೆ, ನಾಲಿಗೆ ನೋಡಿ ಜೊತೆಯವರು ಇಟ್ಟದ್ದು ಇದು. ಬಲ ಮುಂಗೈ ಮೇಲೆ ಸುಟ್ಟ ಗೆರೆಗಳು ಏಣಿಯ ಮೆಟ್ಟಿಲಿನಂತೆ ಸಾಲಾಗಿವೆ. ಕೂಲಿ ನಿಂತಾಗ ಗೇಟಿಗೆ ಅಡ್ಡ ಕೂತ ಮೊದಲನೆಯವಳು ಅವಳೇ. ಮಿಕ್ಕ ಐವರು ಅವಳ ಪಕ್ಕ ಕೂತರು.

ಕೂರದವನು ಒಬ್ಬ, ಗಾಡಿಯ ಡ್ರೈವರು. ಒಗೆದ ಬಟ್ಟೆ ಹೊರಗೆ ಸಾಗಿಸಿದರೆ ದುಪ್ಪಟ್ಟು ಕೊಡುತ್ತೇನೆ ಎಂದು ಮಾಲೀಕ ಅವನ ಕಿವಿಯಲ್ಲಿ ಊದಿದ್ದ. ಅವನು ಹಾರ್ನಿನ ಮೇಲೆ ಅಂಗೈ ಒತ್ತಿ, ಎತ್ತದೆ, ಹೆಂಗಸರ ಕಾಲುಗಳ ಕಡೆಗೇ ಗಾಡಿ ಬಿಟ್ಟ. ಕಾಲು ಎಳೆದುಕೊಂಡರು. ನೀಲಿ ಹಾಕುವವಳ ಬುತ್ತಿ ಡಬ್ಬಿಯ ಮೇಲೆ ಹಿಂದಿನ ಗಾಲಿ ಹತ್ತಿ ಇಳಿಯಿತು. ಅವತ್ತಿನಿಂದ ಅವನಿಗೆ ಹಾರ್ನಪ್ಪ ಎಂದೇ ಹೆಸರು.

ಮರುದಿನ ಅವನು ಬರುವ ಮೊದಲೇ ಕೆಂಡಕ್ಕ ರೇಡಿಯೇಟರ್ ಮುಚ್ಚಳ ತಿರುವಿ ಗಂಜಿಪುಡಿಯ ಪೊಟ್ಟಣ ಪೂರ್ತಿ ಬಗ್ಗಿಸಿದಳು. ಗಾಡಿ ಕೆಡಿಸಲು ಮರಳಾದರೆ ಹುಡುಕಬೇಕು, ಸಕ್ಕರೆಯಾದರೆ ಕೊಳ್ಳಬೇಕು, ಗಂಜಿಪುಡಿ ಕೈಗೇ ಸಿಗುತ್ತಿತ್ತು. ಇಂಜಿನ್ ಬಿಸಿಯಾದಂತೆ ಒಳಗಿನ ನೀರು ಕುದ್ದು ಮುದ್ದೆಯಾಯಿತು. ಸೇತುವೆಯ ಏರಿನಲ್ಲಿ ಗಾಡಿ ಹೊಗೆ ಉಗುಳಿತು. ಹಾರ್ನಪ್ಪ ಮಾಲೀಕನ ಭಯಕ್ಕೆ ನಿಲ್ಲಿಸದೆ ಇನ್ನಷ್ಟು ತುಳಿದ. ಏರಿನ ತುದಿಯಲ್ಲಿ ಇಂಜಿನ್ ಕಚ್ಚಿಕೊಂಡು ನಿಂತೇಬಿಟ್ಟಿತು. ಎಳೆದು ತಂದು ಲಾಂಡ್ರಿಯ ಹಿಂದೆ ಬಿಸಾಡಿದರು. ಹೆಂಗಸರು ವಾರವಿಡೀ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಲಾಂಡ್ರಿಗೆ ಬೀಗ ಬಿತ್ತು. ತಗಾದೆ ಕಾರ್ಮಿಕ ಕಚೇರಿಗೆ ಹೋಯಿತು, ಮೂರು ಮಳೆಗಾಲ ಕಳೆಯಿತು. ಕೊನೆಗೆ ಮಾಲೀಕ ಅಧಿಕಾರಿಯ ಮುಂದೆ ಬರಿಗೈ ತೋರಿಸಿದ. ಕಾಸಿಲ್ಲ, ಗಾಡಿ ಇದೆ, ಬೇಕಾದರೆ ಒಯ್ಯಲಿ. ಹೆಂಗಸರು ಏನೂ ಇಲ್ಲದ್ದಕ್ಕಿಂತ ತಗಡು ಮೇಲು ಎಂದು ಸಹಿ ಹಾಕಿದರು.

ಆರು ಮನೆಗಳಲ್ಲಿ ಅಂಗಳ ಇದ್ದದ್ದು ಕೆಂಡಕ್ಕನಿಗೆ ಮಾತ್ರ. ಗಾಡಿ ಅಲ್ಲಿಗೆ ಬಂತು. ಮಲಗುವ ಕೋಣೆಯ ಕಿಟಕಿಗೂ ಬಾನೆಟ್ಟಿಗೂ ನಡುವೆ ಒಬ್ಬಳು ಅಡ್ಡಡ್ಡ ನುಸುಳುವಷ್ಟು ಜಾಗ ಉಳಿಯಿತು. ಆ ಕೋಣೆಯಲ್ಲಿ ಹಗಲು ಹೊತ್ತು ಅವಳ ಗಂಡ ಮಲಗುತ್ತಾನೆ. ಗೋದಾಮಿನ ಕಾವಲುಗಾರ, ರಾತ್ರಿ ಪಾಳಿ. ಹೊರಗೆ ಮೆಟ್ಟಿಲ ಮೇಲೆ ಅವನ ತಾಯಿ ಕೂರುತ್ತಾಳೆ. ಕಣ್ಣು ಮಸುಕು, ಕಿವಿ ಚುರುಕು.

"ಏನೇ ಅದು, ಆನೆ ತಂದು ಕಟ್ಟಿದ ಹಾಗಿದೆ?" ಎಂದಳು ಮುದುಕಿ.

"ಕೂಲಿ ಅತ್ತೆ. ನಾಲ್ಕು ತಿಂಗಳದ್ದು."

"ನೀನೇ ಕೆಡಿಸಿದ್ದು ಅಲ್ವಾ? ಬಡವನ ಕೋಪ ದವಡೆಗೆ ಮೂಲ ಅಂತ ಅದಕ್ಕೇ ಅನ್ನೋದು."

ಗುಜರಿಯವನು ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹೆಣ ನೋಡಲು ಬಂದವನಂತೆ ತಲೆ ಆಡಿಸಿ ಒಂದು ರೇಟು ಹೇಳಿದ. ಆರು ಪಾಲು ಮಾಡಿದರೆ ತಲೆಗೊಂದು ಜೊತೆ ಚಪ್ಪಲಿ ಬರುತ್ತಿತ್ತು. ಐವರಿಗೂ ಮಾರಿಬಿಡುವ ಮನಸ್ಸು. ಕೆಂಡಕ್ಕ ತಡೆದಳು. ಬಸ್ ನಿಲ್ದಾಣದ ಎದುರಿನ ಲಾಡ್ಜಿನವರು ಅವಳಿಗೆ ಒಂದು ಮಾತು ಕೊಟ್ಟಿದ್ದರು. ಸ್ವಂತ ಗಾಡಿ ತಂದು ಬಟ್ಟೆ ಒಯ್ದು, ಒಗೆದು ತಂದು ಕೊಡುವುದಾದರೆ ಮುಂದಿನ ತಿಂಗಳಿನಿಂದ ಕೆಲಸ ನಿಮ್ಮದು, ಆಗದಿದ್ದರೆ ಬೇರೆಯವರಿಗೆ. ಗಾಡಿ ಎದ್ದರೆ ಆರು ಮನೆಯ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಚಪ್ಪಲಿ.

ಮೊದಲ ವಾರ ಅವರೇ ಕೈ ಹಚ್ಚಿದರು. ಸೀಟಿನೊಳಗೆ ಇಲಿಗಳ ಸಂಸಾರ ಇತ್ತು, ಅದನ್ನು ಎಬ್ಬಿಸಿದರು. ಡ್ರೈವರ್ ಕಾಲಿಡುವ ನೆಲ ತುಕ್ಕು ತಿಂದು ಜರಡಿಯಾಗಿತ್ತು, ಕೂತರೆ ಅಂಗಳದ ಕಲ್ಲು ಕಾಣುತ್ತಿತ್ತು. ಗುಜರಿಯವನಲ್ಲಿ ಬಿದ್ದಿದ್ದ ಹಳೆಯ ಒಗೆಯುವ ಯಂತ್ರವೊಂದರ ಪಕ್ಕದ ತಗಡು ಕತ್ತರಿಸಿ ತಂದು ಅಲ್ಲಿಗೆ ಹೊಂದಿಸಿದರು. ಸುತ್ತಿಗೆ ಏಟಿಗೆ ಕಿಟಕಿ ತೆರೆಯಿತು. ಕೆಂಡಕ್ಕನ ಗಂಡ ಬನಿಯನ್ನಿನಲ್ಲಿ ತಲೆ ಹೊರಗೆ ಹಾಕಿದ.

"ಲೇ, ನಾನು ಸತ್ತ ಮೇಲೆ ಬಡೀರಿ. ಈಗ ನಿದ್ದೆ ಮಾಡ್ಬೇಕು."

"ಸತ್ತ ಮೇಲೆ ಬಡಿಯೋದು ಎದೇನ. ಅದಕ್ಕಿನ್ನೂ ಟೈಮಿದೆ, ಮಲಗಿ," ಎಂದಳು ಕೆಂಡಕ್ಕ.

ಅವನು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕಿಟಕಿ ಮುಚ್ಚಿದ.

ಇಂಜಿನ್ನಿಗೆ ಬಂದಾಗ ಕೈ ನಿಂತಿತು. ಓಣಿಯ ಮೆಕ್ಯಾನಿಕ್ ಬಂದು ರೇಡಿಯೇಟರಿಗೆ ಬೆರಳು ಹಾಕಿದ. ಬೂದು ಬಣ್ಣದ ಹಪ್ಪಳದಂಥ ಚಕ್ಕೆ ಉಗುರಿಗೆ ಅಂಟಿ ಬಂತು.

"ಏನು ಹಾಕಿದ್ರಿ ಇದಕ್ಕೆ?"

"ಗಂಜಿ."

ಅವನು ಬಂಪರಿನ ಮೇಲೆ ಕುಸಿದು ಕೂತು ನಕ್ಕ. ನಕ್ಕು ಮುಗಿಸಿ ಹೇಳಿದ: "ಅಕ್ಕ, ಇದನ್ನ ಬಿಚ್ಚಿ ಜೋಡಿಸೋಕೆ ಈ ಗಾಡಿಯ ನರ ನರ ಗೊತ್ತಿರೋನು ಬೇಕು. ನಿಮ್ಮ ಹಳೆ ಡ್ರೈವರೇ ರಿಪೇರಿನೂ ಮಾಡ್ತಿದ್ದ. ಅವನನ್ನ ಕರೀರಿ."

"ಅವನನ್ನು ಕರೆಯೋದಕ್ಕಿಂತ ಗಾಡೀನ ಹೂಳ್ತೀನಿ."

ಹಾಗೆಂದವಳು ಎರಡು ದಿನ ಬಿಟ್ಟು ತಾನೇ ಹೋದಳು. ಹಾರ್ನಪ್ಪ ಈಗ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ. ಮೊಣಕಾಲಿನವರೆಗೆ ಪ್ಯಾಂಟು ಮಡಚಿ, ಪೈಪು ಹಿಡಿದು ನಿಂತಿದ್ದವನು ಅವಳನ್ನು ಕಂಡು ನೀರು ನಿಲ್ಲಿಸಿದ.

"ಗಾಡಿ ನಿಮ್ಮ ಪಾಲಿಗೆ ಬಂತಂತೆ," ಎಂದ.

"ಬಂತು. ಎಬ್ಬಿಸಬೇಕು."

"ಕೊಂದೋರು ನೀವು, ಎಬ್ಬಿಸೋನು ನಾನಾ?"

"ನಮ್ಮ ಕಾಲ ಮೇಲೆ ಹತ್ತಿಸೋಕೆ ಬಂದೋನು ನೀನು."

"ಹತ್ತಿಸಿದ್ನಾ ಅಕ್ಕ?"

"ನಾವು ಕಾಲು ತೆಗೆದ್ವಿ. ಅದರಲ್ಲಿ ನಿನ್ನ ದೊಡ್ಡತನ ಏನಿದೆ?"

ಅವನು ಪೈಪಿನ ತುದಿಯನ್ನು ಹಿಂಡಿದ. ಕೆಂಡಕ್ಕ ಕೇಳಿದಳು: "ದುಪ್ಪಟ್ಟು ಅಂದಿದ್ನಲ್ಲ, ಕೊಟ್ನಾ?"

"ಒಂದು ಪಟ್ಟೂ ಕೊಟ್ಟಿಲ್ಲ. ಗಾಡಿ ಸುಟ್ಟೆ ಅಂತ ಇದ್ದದ್ದನ್ನೂ ಹಿಡ್ಕೊಂಡ."

ನಗು ಬರುತ್ತದೆ ಎಂದುಕೊಂಡು ಕೇಳಿದ್ದಳು, ಬರಲಿಲ್ಲ. ಆರು ಹೆಂಗಸರ ಸಿಟ್ಟಿಗೆ ಅವನ ಕೂಲಿಯೂ ಬೆಂದುಹೋಗಿತ್ತು. ಹಾಗೆಂದು ಅವಳು ಮೆತ್ತಗಾಗಲೂ ಇಲ್ಲ. "ಏನು ಕೊಡ್ಬೇಕು ಹೇಳು," ಎಂದಳು.

"ದುಡ್ಡು ಬೇಡ. ಗಾಡಿ ಓಡಿದ್ರೆ ಏಳನೇ ಪಾಲು ನನ್ನದು."

"ಅದು ನನ್ನೊಬ್ಬಳ ಬಾಯಲ್ಲಿಲ್ಲ. ಆರು ಜನ ಕೂತು ಹೇಳ್ಬೇಕು."

ಕೂತರು, ಅಂಗಳದಲ್ಲಿ, ಗಾಡಿಯ ಹಿಂಬದಿಯ ಹಲಗೆ ಇಳಿಸಿಕೊಂಡು. ನೀಲಿ ಹಾಕುವವಳನ್ನು ಎಲ್ಲರೂ ನೀಲಿಕೈ ಎನ್ನುತ್ತಾರೆ. ಕೆಲಸ ಬಿಟ್ಟು ಇಷ್ಟು ಕಾಲವಾದರೂ ಉಗುರಿನ ಸಂದಿಯ ಬಣ್ಣ ಹೋಗಿಲ್ಲ. ಅವಳು ಚಪ್ಪಟೆಯಾದ ಬುತ್ತಿ ಡಬ್ಬಿಯನ್ನು ಮನೆಯಿಂದ ತಂದು ಎಲ್ಲರ ನಡುವೆ ಇಟ್ಟಳು.

"ಇದರಲ್ಲಿ ಊಟ ತುಂಬಿ ತೋರಿಸ್ಲಿ. ಆಮೇಲೆ ಪಾಲಿನ ಮಾತು."

ಆದರೆ ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಕೆಲಸಕ್ಕೆ ಬರಲಿ, ಪಾಲಿನ ಮಾತು ಗಾಡಿ ಓಡಿದ ಮೇಲೆ ಎಂದು ತೀರ್ಮಾನವಾಯಿತು. ಹಾರ್ನಪ್ಪ ಒಪ್ಪಿದ. ಒಪ್ಪದೆ ಏನು ಮಾಡಿಯಾನು, ಗಾಡಿಯ ಮೇಲೆ ಅವನಿಗೆ ಪ್ರಾಣ.

ಬಂದವನು ಯಾರ ಮುಖವನ್ನೂ ನೋಡದೆ ಬಾನೆಟ್ ಎತ್ತಿದ. ಸಿಲಿಂಡರಿಗೆ ಎಣ್ಣೆ ಸುರಿದು ನೆನೆಯಲು ಬಿಟ್ಟ. ಮೂರನೆಯ ದಿನ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳಾಯಿ ಪೈಪು ಸಿಕ್ಕಿಸಿ, ಇಬ್ಬರು ಹೆಂಗಸರನ್ನು ಜೋತುಬೀಳಿಸಿ ತಿರುಗಿಸಿದಾಗ ಇಂಜಿನ್ ಒಂದು ಬೆರಳಿನಷ್ಟು ಅಲುಗಿತು. ಇಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿ ನೋಡಿದರೆ ಸೊಟ್ಟಗಾಗಿತ್ತು. ಅದನ್ನು ಲೇತ್ ಅಂಗಡಿಗೆ ಒಯ್ದು ಸಮ ಕೆರೆಸಿ ತಂದ. ಹೆಡ್ಡಿನ ಅಡಿಗೆ ಹಾಕುವ ಗ್ಯಾಸ್ಕೆಟ್ಟಿನ ದುಡ್ಡಿಗೆ ಕೆಂಡಕ್ಕ ತನ್ನ ಕಿವಿಯ ಓಲೆ ಬಿಚ್ಚಿ ಒತ್ತೆಯಿಟ್ಟಳು. ಹೊಲಿಗೆ ಯಂತ್ರ ಒತ್ತೆಯಿಟ್ಟು ನೀಲಿಕೈ ಬ್ಯಾಟರಿ ತಂದಳು. ಹೀಗೆ ಒಬ್ಬೊಬ್ಬರದೂ ಗಾಡಿಯೊಳಗೆ ಸೇರಿತು.

ಉಳಿದದ್ದು ಗಂಜಿ. ಇಂಜಿನ್ನಿನ ಒಳಗೆ ನೀರು ಹರಿಯುವ ದಾರಿಗಳಲ್ಲಿ ಅದು ಸುಣ್ಣದಂತೆ ಕಟ್ಟಿಕೊಂಡಿತ್ತು. ಹಾರ್ನಪ್ಪ ತಂತಿ ತೂರಿಸಿ ಕೆರೆದ. ತಂತಿ ನೆಟ್ಟಗೆ ಹೋಗುತ್ತದೆ, ದಾರಿ ಡೊಂಕು.

"ಕಾಸ್ಟಿಕ್ ಸೋಡಾ ಹಾಕಿ ಕುದಿಸೋಣ," ಎಂದಳು ಕೆಂಡಕ್ಕ.

"ಹೆಡ್ ಅಲ್ಯುಮಿನಿಯಂ ಅಕ್ಕ. ಗಂಜಿ ಜೊತೆ ಅದೂ ಕರಗುತ್ತೆ. ಆಮೇಲೆ ಎರಡನ್ನೂ ಬಕೆಟ್ಟಲ್ಲಿ ಹಿಡ್ಕೋಬೇಕು."

ಅದು ಅವಳಿಗೂ ಗೊತ್ತಿತ್ತು. ಲಾಂಡ್ರಿಯಲ್ಲಿ ಒಮ್ಮೆ ಅಲ್ಯುಮಿನಿಯಂ ಮುಚ್ಚಳ ಕಾಸ್ಟಿಕ್ ತೊಟ್ಟಿಗೆ ಬಿದ್ದು ನೊರೆಯಾಗಿದ್ದನ್ನು ಕಂಡಿದ್ದಳು, ಆತುರಕ್ಕೆ ಮರೆತಿದ್ದಳು. ಆಮೇಲೆ ಆಸ್ಪತ್ರೆ ಬಟ್ಟೆ ನೆನೆಸಲು ಹಾಕುತ್ತಿದ್ದ ಪುಡಿ ನೆನಪಾಯಿತು. ಊಟ ಚೆಲ್ಲಿದ ಕಲೆ, ಹಳೆಯ ಗಂಜಿ, ಎರಡನ್ನೂ ಅದು ತಿನ್ನುತ್ತದೆ. ಕುದಿಯುವ ನೀರಿಗೆ ಹಾಕಿದರೆ ಅದರ ಕಸುವು ಸಾಯುತ್ತದೆ, ತಣ್ಣೀರಿನಲ್ಲಿ ಏಳುವುದಿಲ್ಲ, ನೀರು ಉಗುರುಬೆಚ್ಚಗಿರಬೇಕು. ಕಾಯಿಸಿ, ಮೊಣಕೈ ಅದ್ದಿ ನೋಡಿ, ಪುಡಿ ಕಲಸಿ ಸುರಿದರು. ನೆನೆಯಲು ಬಿಟ್ಟು, ಮರುದಿನ ಕೆಳಗಿನ ಬಿರಡೆ ತೆಗೆದರೆ ಬುಳಬುಳನೆ ಇಳಿದದ್ದು ನೆಗಡಿಯಾದ ಮಗುವಿನ ಸಿಂಬಳದಂಥ ಲೋಳೆ.

"ಥೂ," ಎಂದಳು ಮುದುಕಿ ಮೆಟ್ಟಿಲ ಮೇಲಿಂದ. "ಎಷ್ಟು ಕುಡಿಸಿದ್ದೀಯೇ ಅದಕ್ಕೆ? ನನಗೂ ಇಷ್ಟು ಧಾರಾಳವಾಗಿ ಬಡಿಸಿಲ್ಲ ನೀನು."

ಹಾರ್ನಪ್ಪ ನಕ್ಕ. ಅಂಗಳದಲ್ಲಿ ಅವನು ನಕ್ಕದ್ದು ಅದೇ ಮೊದಲು. ತಿಳಿನೀರು ಬರುವವರೆಗೆ ಮತ್ತೆ ಮತ್ತೆ ತೊಳೆದರು.

ಎಲ್ಲ ಜೋಡಿಸಿ ಬ್ಯಾಟರಿಗೆ ತಂತಿ ಕೊಟ್ಟ ಕ್ಷಣ ಹಾರ್ನ್ ತಾನಾಗಿಯೇ ಬಡಿದುಕೊಳ್ಳತೊಡಗಿತು. ಇಲಿ ಕಡಿದ ತಂತಿಗಳು ಎಲ್ಲೋ ಕೂಡಿಕೊಂಡಿದ್ದವು. ಅದೇ ಸದ್ದು, ಗೇಟಿನ ಮುಂದಿನ ಸದ್ದು. ಚಿಂದಿ ಹಿಡಿದು ಗಾಜು ಒರೆಸುತ್ತಿದ್ದವಳ ಕೈ ನಿಂತಿತು. ನೀಲಿಕೈ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು. ಹಾರ್ನಪ್ಪ ಗಾಡಿಯ ಅಡಿಗೆ ನುಗ್ಗಿ ತಂತಿ ಕಿತ್ತ. ಸದ್ದು ನಿಂತ ಮೇಲೂ ಅವನು ಕೆಳಗಿನಿಂದ ಏಳಲಿಲ್ಲ.

"ಅದನ್ನ ತೆಗೆದುಬಿಡು," ಎಂದಳು ನೀಲಿಕೈ.

"ಹಾರ್ನ್ ಇಲ್ದೆ ರಸ್ತೆಗೆ ಬಿಡಲ್ಲ," ಎಂದು ಕೆಳಗಿನಿಂದಲೇ ಅಂದ.

"ಬೇರೆ ಹಾಕು. ಈ ದನಿ ಬೇಡ."

ಸ್ಕೂಟರಿನದೊಂದು ತಂದು ಹಾಕಿದ. ಒತ್ತಿದರೆ ಕೋಳಿಮರಿ ಕಿರುಚಿದ ಹಾಗೆ ಕೇಳುತ್ತದೆ. ಇಷ್ಟು ದೊಡ್ಡ ಗಾಡಿಗೆ ಅದೊಂದು ಅವಮಾನ, ಇರಲಿ.

ಪರೀಕ್ಷೆಗೆ ಸೇತುವೆಯ ಏರಿಗೇ ಹೋದರು. ಹಾರ್ನಪ್ಪ ಓಡಿಸಿದ, ಕೆಂಡಕ್ಕ ಪಕ್ಕದಲ್ಲಿ ಕೂತು ಶಾಖದ ಮುಳ್ಳಿನ ಮೇಲೆ ಕಣ್ಣಿಟ್ಟಳು. ಹಿಂದೆ ನೀಲಿಕೈ ಮತ್ತು ನಾಲ್ವರು, ಭಾರಕ್ಕೆಂದು ಒದ್ದೆ ಚೀಲಗಳ ಜೊತೆ. ಏರು ಅರ್ಧವಾದಾಗ ಮುಳ್ಳು ಮೇಲಕ್ಕೆ ಹೊರಟಿತು.

"ನಿಲ್ಲಿಸ್ಲಾ?" ಎಂದ.

"ಅವತ್ತು ಯಾರನ್ನ ಕೇಳಿ ತುಳಿದೆ? ನಿನಗೆ ಗೊತ್ತಿಲ್ವಾ ಎಲ್ಲಿ ನಿಲ್ಲಿಸ್ಬೇಕು ಅಂತ?"

ಅವನು ಗೇರು ಇಳಿಸಿ ನಿಧಾನ ಮಾಡಿದ. ಮುಳ್ಳು ನಡುವಿಗೆ ಬಂದು ನಿಂತಿತು. ಮೇಲೆ ಹತ್ತಿ, ಇಳಿದು, ಲಾಡ್ಜಿನ ಹಿಂಬಾಗಿಲಿಗೆ ಹೋಗಿ ಮೊದಲ ಮೂಟೆ ತುಂಬಿಸಿಕೊಂಡೇ ಮನೆಗೆ ಬಂದರು.

ಅವತ್ತೇ ಪಾಲಿನ ಮಾತೂ ಎದ್ದಿತು. ಹಾರ್ನಪ್ಪನನ್ನು ಹೊರಗೆ ಕಳಿಸಲಿಲ್ಲ, ಎದುರಿಗೇ ಕೂರಿಸಿಕೊಂಡರು. ಗಾಡಿ ಓಡಿಸುವುದಕ್ಕೆ ಕೂಲಿ ಕೊಟ್ಟರೆ ಸಾಕು ಎಂದಳೊಬ್ಬಳು. ಇಷ್ಟು ದುಡಿದವನನ್ನು ಕೂಲಿಗೆ ಇಟ್ಟುಕೊಂಡರೆ ನಾವೂ ಮಾಲೀಕರಾದ ಹಾಗಾಯಿತಲ್ಲ ಎಂದಳು ಇನ್ನೊಬ್ಬಳು.

"ಮಾಲೀಕನ ಮೇಲಿನ ದಾವೆಯಲ್ಲಿ ಇವನ ಹೆಸರಿಲ್ಲ," ಎಂದಳು ನೀಲಿಕೈ ಕೊನೆಗೆ. "ಇವನಿಗೂ ಬಾಕಿ ಇದೆ, ಆದ್ರೂ ಕೇಳಿಲ್ಲ. ನಾಚಿಕೆ ಅಂತೆ. ಕೇಳ್ಲಿ. ನಮ್ಮ ಜೊತೆ ಮಾಲೀಕನ ಮನೆ ಗೇಟಿಗೆ ಬಂದು ಕೂರ್ಲಿ. ಕೂತರೆ ಪಾಲು, ಕೂರದಿದ್ರೆ ಕೂಲಿ."

"ಮಾಲೀಕನ ಮುಖ ನೋಡಿ ಕೂರೋದು ಕಷ್ಟ," ಎಂದ ಹಾರ್ನಪ್ಪ.

"ನಮಗೇನು ಹಬ್ಬ ಆಗಿತ್ತಾ?" ಎಂದಳು ಕೆಂಡಕ್ಕ.

ಸೋಮವಾರ ಮಾಲೀಕನ ಮನೆಯ ಗೇಟಿನ ಎದುರು ಗಾಡಿ ನಿಂತಿತು. ಏಳು ಜನ ಇಳಿದು ಸಾಲಾಗಿ ಕೂತರು, ಹಾರ್ನಪ್ಪ ಸಾಲಿನ ತುದಿಯಲ್ಲಿ, ಕಾಲು ಚಾಚಿ. ಮಾಲೀಕನ ಕಾರು ಒಳಗಿನಿಂದ ಬಂದು ನಿಂತು ಹಾರ್ನ್ ಹೊಡೆಯಿತು. ಆರು ಹೆಂಗಸರೂ ಅವನ ಕಾಲುಗಳನ್ನೇ ನೋಡಿದರು. ಅವನು ಎಳೆದುಕೊಳ್ಳಲಿಲ್ಲ. ಕಾರು ಹಿಂದಕ್ಕೆ ಹೋಯಿತು. ಏಳನೆಯ ಪಾಲು ಅಲ್ಲಿಗೆ ಅವನದಾಯಿತು.

ದುಡ್ಡು ಬಂದಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಒಂದು ಗಂಟೆ ಕೂತು, ಎದ್ದು, ಲಾಡ್ಜಿಗೆ ಹೋಗುತ್ತಾರೆ. ಲಾಡ್ಜೊಂದರ ಬಟ್ಟೆಯಿಂದ ಏಳು ಮನೆ ನಡೆಯುವುದಿಲ್ಲ, ಒತ್ತೆಯಿಟ್ಟದ್ದನ್ನು ಬಿಡಿಸುವುದು ದೂರದ ಮಾತು. ಗಾಡಿಯಲ್ಲಿ ಇನ್ನೂ ಅರ್ಧ ಜಾಗ ಖಾಲಿ ಇದೆ. ಇದನ್ನು ಓದಿ ಅಯ್ಯೋ ಪಾಪ ಎನ್ನುವವರಿದ್ದರೆ ಆ ಪಾಪವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ನಿಮ್ಮ ಓಣಿಯಲ್ಲೂ ಇಂಥ ಒಂದು ಗಾಡಿ ಕೋಳಿಮರಿಯಂತೆ ಕೂಗುತ್ತಾ ಬರುತ್ತದೆ. ಬಾಗಿಲು ತೆಗೆದು ಹೊರಗೆ ಬನ್ನಿ, ಮನೆಯ ಹೊದಿಕೆ, ಹಾಸು, ಪರದೆ ಎಲ್ಲ ಕಟ್ಟಿ ಕೊಡಿ. ಒಗೆದು ತಂದ ದಿನವೇ, ನಾಳೆ ಬಾ ಎನ್ನದೆ, ಕೂಲಿಯನ್ನು ಕೈಗೆ ಎಣಿಸಿ ಕೊಡಿ.