ಹತ್ತು ನಿಮಿಷದ ನೀರು

ಬೀದರಿನ ಚಿದ್ರಿಯಲ್ಲಿ ಸ್ವಂತ ಷಡ್ಡಕನ ಹೆಸರು ಮರೆತವರು ಸಿಗಬಹುದು, ಸಿಲಾಸನ ಹೆಸರು ಮರೆತವರು ಸಿಗುವುದಿಲ್ಲ. ಆ ಭಾಗದ ನಲ್ಲಿಗಳಿಗೆ ನೀರು ಬಿಡುವವನು ಅವನೇ. ಸೊಂಟದೆತ್ತರದ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟು ಸೈಕಲ್ ತುಳಿಯುತ್ತ ಬಂದನೆಂದರೆ ಹೆಂಗಸರು ಒಲೆಯ ಮೇಲಿನ ಹಾಲು ಬಿಟ್ಟು ಕೊಡ ಹಿಡಿದು ಓಡುತ್ತಿದ್ದರು. ಯಾವ ವಾಲ್ವು ಎಷ್ಟು ಸುತ್ತು ತಿರುಗಬೇಕು, ಯಾವ ಓಣಿಯ ಪೈಪು ಎಲ್ಲಿ ಸೋರುತ್ತದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು, ಯಾವ ಕಾಗದದಲ್ಲೂ ಇರಲಿಲ್ಲ.

ಕಾಗದದಲ್ಲಿ ಇರದ ಇನ್ನೊಂದು ಸಂಗತಿಯೂ ಇತ್ತು. ಪೈಪಿನ ಕಟ್ಟಕಡೆಗೆ ನಲವತ್ತು ತಗಡಿನ ಶೆಡ್ಡುಗಳು, ಅವಕ್ಕೆಲ್ಲ ಒಂದೇ ಬೀದಿ ನಲ್ಲಿ. ಔರಾದ ತಾಲ್ಲೂಕಿನ ಎಕಂಬಾ, ಚಿಂತಾಕಿ ಹಳ್ಳಿಗಳಲ್ಲಿ ಮಳೆ ಮೇಲಿಂದ ಮೇಲೆ ಕೈಕೊಟ್ಟಾಗ ಬಂದು ಇಟ್ಟಿಗೆ ಹೊತ್ತು ಬದುಕುತ್ತಿದ್ದವರು ಅವರು. ಸಿಲಾಸ ಮೇಲಿನ ಓಣಿಗಳ ವಾಲ್ವನ್ನು ಹತ್ತು ನಿಮಿಷ ಮೊದಲೇ ಮುಚ್ಚಿದರೆ ಮಾತ್ರ ಅಲ್ಲಿಗೆ ಆ ಹತ್ತು ನಿಮಿಷ ನೀರು ಮುಟ್ಟುತ್ತಿತ್ತು. ಅವನು ಮುಚ್ಚುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ.

ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ಯೋಜನೆಯೊಂದು ಬಂತು. ಹವಾಮಾನ ಕೆಡುತ್ತಿದೆ, ಸಣ್ಣ ನಗರಗಳು ಬರಕ್ಕೆ ಈಗಲೇ ಸಜ್ಜಾಗಬೇಕು ಎಂದರು. ವಾಲ್ವುಗಳಿಗೆ ಯಂತ್ರ ಕೂಡಿಸುತ್ತಾರಂತೆ; ಎಲ್ಲಿ ಎಷ್ಟು ಜನವೋ ಅಷ್ಟು ನೀರು ತಾನೇ ಬಿಟ್ಟು ತಾನೇ ಮುಚ್ಚುತ್ತದಂತೆ. ಸಿಲಾಸನಿಗೆ ಸಂತೋಷವೇ ಆಯಿತು. ನಿವೃತ್ತಿಗೆ ಎರಡು ವರ್ಷವಿತ್ತು, ತೋಳು ಸೋತಿತ್ತು.

ಸಂತೋಷ ಬಹಳ ದಿನ ಬಾಳಲಿಲ್ಲ. ಯೋಜನೆಯ ಇಂಜಿನಿಯರ್ ಮುಜೀಬೋದ್ದೀನ ಜನಗಣತಿ ಮುಗಿಸಿ ಯಾದಿ ತೋರಿಸಿದ. ನಲವತ್ತು ಶೆಡ್ಡುಗಳ ಮುಂದೆ ಸೊನ್ನೆ.

"ಸಾಬ್, ಅಲ್ಲಿ ಇನ್ನೂರು ಮಂದಿ ಅದಾರ್ರಿ!"

"ಅವರೇ ಹೇಳ್ಯಾರಲ್ಲ. ಊರು ಯಾವುದು ಅಂದೆ. ಒಬ್ಬೊಬ್ಬರೂ ಎಕಂಬಾ, ಚಿಂತಾಕಿ ಅಂದ್ರು. ಬಂದು ಹೋಗೋರನ್ನ ಪೈಪಿನ ಲೆಕ್ಕದಾಗ ಹ್ಯಾಂಗ ಹಿಡಿಯೋದು? ಸೋಮವಾರ ಮತ್ತೊಮ್ಮೆ ಬರ್ತೇನಿ. ಇಲ್ಲಿಯವರೇ ಅಂದ್ರ ಬರಕೋತೇನಿ."

ಯಾರೂ ಸುಳ್ಳು ಹೇಳಿರಲಿಲ್ಲ, ಅದೇ ಪೀಕಲಾಟ. ಈ ಕಡೆಯ ಮನುಷ್ಯ ಎಲ್ಲಿ ದುಡಿದರೂ ಎಲ್ಲಿ ಮಲಗಿದರೂ, ಊರು ಕೇಳಿದರೆ ತನ್ನ ಮನೆತನದ ಹೊಸ್ತಿಲು ಇರುವ ಜಾಗವನ್ನೇ ಹೇಳುತ್ತಾನೆ. ಬೇರೆ ಊರು ಹೇಳುವುದೆಂದರೆ ತಾಯಿಯನ್ನು ಬದಲಿಸಿದಷ್ಟು ನಾಚಿಕೆ.

ಸಿಲಾಸ ಜಿಜಾಬಾಯಿಯ ಬಳಿ ಹೋದ. ಎಕಂಬಾದ ಈ ವಿಧವೆಯ ಮಾತನ್ನು ಶೆಡ್ಡಿನವರೆಲ್ಲ ಕೇಳುತ್ತಿದ್ದರು.

"ಸೋಮವಾರ ಚಿದ್ರಿ ಅನ್ನು ತಂಗಿ. ಇಲ್ಲಂದ್ರ ಯಂತ್ರ ನಿಮಗ ನೀರು ಕೊಡಂಗಿಲ್ಲ."

"ನಾ ಚಿದ್ರಿ ಅಂದ್ರ ಎಕಂಬಾದಾಗಿನ ಮನಿ ಯಾರದಾಗ್ತದರಿ ಅಣ್ಣಾ? ಅಲ್ಲಿ ಹೆಸರು ತೆಗದ್ರ? ಮಳಿ ಬಂದ್ರ ಹೊಂಟು ಹೋಗಾಕಿ ನಾ."

"ನಾಕು ವರ್ಷದಿಂದ ಇದನ್ನೇ ಹೇಳ್ತಿ. ಯಾವಾಗರೆ ಹೋಗೀದಿ ಏನು?"

"ದೀಪಾವಳಿಗಿ ಹೋಗಿ ಅಂಗಳ ಸಾರಿಸಿ ಬರ್ತೇನಿ." ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದ ಮನೆಯ ಕೀಲಿಕೈಯನ್ನು ಮುಟ್ಟಿ ನೋಡಿಕೊಂಡಳು. "ನೀವೇ ಹೇಳ್ರಿ, ನಾ ಏನು ಮಾಡ್ಲಿ?"

ಸಿಲಾಸ ಬುದ್ಧಿ ಹೇಳಲು ಹೋಗಿ ತಲೆಯಲ್ಲಿ ಹುಳ ಬಿಟ್ಟುಕೊಂಡು ಬಂದ. ಚಿದ್ರಿ ಎನ್ನಿಸಿ ಅಲ್ಲಿ ಅವಳ ಮನೆ ಹೋದರೆ? ಎನ್ನಿಸದೆ ಬಿಟ್ಟು ಇಲ್ಲಿ ನೀರು ಹೋದರೆ? ಭಾನುವಾರ ಚರ್ಚಿನಲ್ಲಿ ಕುಳಿತರೂ ಪಾದ್ರಿಯ ಮಾತು ಕಿವಿಗೆ ಬೀಳಲಿಲ್ಲ. ದೇವರನ್ನು ಏನು ಬೇಡಬೇಕೆಂದೇ ತಿಳಿಯದೆ ಸುಮ್ಮನೆ ಎದ್ದು ಬಂದ.

ಸೋಮವಾರ ಶೆಡ್ಡಿನ ಮಂದಿಯೆಲ್ಲ ನಲ್ಲಿಯ ಸುತ್ತ ನೆರೆದರು. ಅವರ ಅಂಜಿಕೆ ಕಂಡು ಮುಜೀಬೋದ್ದೀನ ನಕ್ಕು, "ಸಿಲಾಸ್, ಮೊದಲ ನೀವೇ ಹೇಳಿ ತೋರಸ್ರಿ. ನಿಮ್ಮ ಊರು?" ಎಂದ.

"ಭಾಲ್ಕಿ."

ಬಾಯಿಂದ ತಾನೇ ಜಾರಿತ್ತು. ಎಪ್ಪತ್ತೆರಡರ ಬರದಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಕಲ್ಲು ಒಡೆಯಲು ಹೊರಟ ಅಪ್ಪನ ಹಿಂದೆ ಅವನು ಭಾಲ್ಕಿ ಬಿಟ್ಟಿದ್ದ. ನಲವತ್ತನಾಲ್ಕು ವರ್ಷ! ಅಲ್ಲಿ ಅವನದೆನ್ನುವ ಗೋಡೆಯೂ ಉಳಿದಿರಲಿಲ್ಲ. ಮಂದಿ ಗೊಳ್ಳೆಂದು ನಕ್ಕಿತು. ಊರಿಗೆಲ್ಲ ಬುದ್ಧಿ ಹೇಳಲು ಹೊರಟವನ ಮುಖ ಸುಟ್ಟ ಬದನೆಕಾಯಿಯಾಯಿತು.

"ಅದನ್ನ ಹೊಡದು ಹಾಕ್ರಿ ಸಾಬ್. ಬರೀರಿ..." ಎಂದ. ಚಿದ್ರಿ ಎನ್ನಬೇಕಾದವನು ನಲ್ಲಿಯ ಕಡೆ ತಿರುಗಿ ನಿಂತ.

ಜಿಜಾಬಾಯಿ ಮಾತ್ರ ನಕ್ಕಿರಲಿಲ್ಲ. ಅವನನ್ನೇ ನೋಡುತ್ತಿದ್ದಳು. ಆಮೇಲೆ ಮುಂದೆ ಬಂದಳು.

"ಅವರದು ಹಂಗೇ ಇರಲಿ ಬಿಡ್ರಿ. ನೀರಿಗಾಗಿ ಯಾರರೆ ಹೇಳಬೇಕಲ್ಲ. ನಂದು ಚಿದ್ರಿ."

ಕೀಲಿಕೈ ಅವಳ ಮುಷ್ಟಿಯಲ್ಲಿತ್ತು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಚಿದ್ರಿ ಎಂದರು, ಕಳವು ಒಪ್ಪಿಕೊಳ್ಳುವವರ ಹಾಗೆ ತಲೆ ತಗ್ಗಿಸಿ.

ಶ್ರಾವಣದ ಹೊತ್ತಿಗೆ ಯಂತ್ರ ಕುಳಿತಿತು. ಮೊದಲ ದಿನ ಸಿಲಾಸ ಕೆಲಸವಿಲ್ಲದ ಚಾವಿಯನ್ನೂ ಹೊತ್ತುಕೊಂಡೇ ನೋಡಲು ಹೋದ. ವಾಲ್ವು ತಾನೇ ತೆರೆಯಿತು, ಕೊನೆಯ ನಲ್ಲಿಯಲ್ಲಿ ನೀರು ಭೋರೆಂದು ಬಂತು. ಹತ್ತು ನಿಮಿಷವಾಯಿತು, ನಿಲ್ಲಲಿಲ್ಲ. ಅವನ ಕಣ್ಣು ತುಂಬಿದವು, ಸಂತೋಷಕ್ಕೋ ತಪ್ಪು ಮಾಡಿಸಿದೆನೆಂದೋ ಅವನಿಗೇ ತಿಳಿಯಲಿಲ್ಲ.

ಜಿಜಾಬಾಯಿ ತುಂಬಿದ ಕೊಡವನ್ನು ಎತ್ತದೆ ನಿಂತಳು.

"ಅಣ್ಣಾ, ಇನ್ನ ಯಾರರೆ ಊರು ಯಾವುದಂತ ಕೇಳಿದ್ರ ಏನು ಹೇಳ್ಲಿರಿ?"

ಸಿಲಾಸ ಚಾವಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ.

"ನನಗ ನಲವತ್ತನಾಕು ವರ್ಷ ಆತು ತಂಗಿ," ಎಂದ. "ಇನ್ನೂ ಗೊತ್ತಾಗಿಲ್ಲ."